ಪುಟ್ಟ ಸೈನ್ಯಕ್ಕೆ ಹಚ್ಚಿದ ಬಣ್ಣ ಕೆಟ್ಟಾಗ: ದೋಷ ಯಾವ ಪದರದಲ್ಲಿದೆ?

ಆಟಕ್ಕೋ ಸಂಗ್ರಹಕ್ಕೋ ಬಣ್ಣ ಹಚ್ಚುವ ಪುಟ್ಟ ಸೈನಿಕ ಗೊಂಬೆಯ, ಅಂದರೆ ಮಿನಿಯೇಚರ್ ಮೇಲೆ ಏನೋ ಕೆಟ್ಟಿದೆ ಎಂದು ಕಂಡ ಕೂಡಲೇ ಕೈ ಬಣ್ಣದ ಬಾಟಲಿಯತ್ತ ಹೋಗುತ್ತದೆ. ಮೇಲೊಂದು ಕೋಟ್ ಬಳಿದರೆ ಮುಚ್ಚಿಹೋದೀತು ಎಂಬ ಆಸೆ. ಸರಿಪಡಿಸಬಹುದಾಗಿದ್ದ ದೋಷ ಕೈಮೀರುವುದು ಅಲ್ಲಿಯೇ. 28 ಮಿಲಿಮೀಟರ್ ಅಳತೆಯ ಸೈನಿಕನ ತುಟಿಯ ಸಂದು, ಕವಚದ ಮೊಳೆತಲೆ, ಬಟ್ಟೆಯ ಹೊಲಿಗೆ ಎಲ್ಲವೂ ಒಂದು ಮಿಲಿಮೀಟರಿಗಿಂತ ಕಡಿಮೆ ಆಳದವು. ಎರಡು ದಪ್ಪ ಕೋಟ್ ಬಿದ್ದರೆ ಅವು ತುಂಬಿಹೋಗುತ್ತವೆ. ಆಮೇಲೆ ಬಣ್ಣ ಪೂರ್ತಿ ಕಿತ್ತು ತೆಗೆಯದ ಹೊರತು ಮತ್ತೆ ಕಾಣಿಸುವುದಿಲ್ಲ.

ಬಣ್ಣ ಹಚ್ಚಿದ ಸೈನಿಕನಲ್ಲಿ ಒಂದರ ಮೇಲೊಂದು ಐದು ಪದರ ಇರುತ್ತವೆ. ಅಡಿಯಲ್ಲಿ ಲೋಹ, ಪ್ಲಾಸ್ಟಿಕ್ ಅಥವಾ ರೆಸಿನ್ ಎಂಬ ಗಟ್ಟಿಯಾಗುವ ರಾಳದ ಎರಕ, ಅದರ ಮೇಲೆ ಬಣ್ಣ ಹಿಡಿಯಲೆಂದು ಹಚ್ಚುವ ಪ್ರೈಮರ್, ಆಮೇಲೆ ಮೂಲ ಬಣ್ಣ, ಅದರ ಮೇಲೆ ಸಂದುಗಳಿಗೆ ಇಳಿದು ನೆರಳು ಕೊಡುವ ತೆಳು ಬಣ್ಣವಾದ ವಾಶ್ ಮತ್ತು ಉಬ್ಬಿದ ಜಾಗಕ್ಕೆ ಹಚ್ಚುವ ತಿಳಿ ಬಣ್ಣವಾದ ಹೈಲೈಟ್, ಎಲ್ಲಕ್ಕೂ ಮೇಲೆ ಬಣ್ಣ ಕಾಪಾಡುವ ಪಾರದರ್ಶಕ ವಾರ್ನಿಷ್. ದೋಷ ಕಣ್ಣಿಗೆ ಬೀಳುವುದು ಒಂದು ಪದರದಲ್ಲಿ, ಹುಟ್ಟಿರುವುದು ಇನ್ನೊಂದರಲ್ಲಿ. ಯಾವುದರಲ್ಲಿ ಎಂದು ಗೊತ್ತಾಗುವ ತನಕ ಬ್ರಷ್ ಮುಟ್ಟಬೇಡಿ.

ಪತ್ತೆಗೆ ಐದು ಪರೀಕ್ಷೆ

ಹೊಸದಾಗಿ ಬಣ್ಣ ಹಚ್ಚಿದ್ದರೆ ಮೊದಲು 24 ಗಂಟೆ ಬಿಡಿ. ಕೈಗೆ ಹತ್ತದಂತೆ ಆರಿದ ಅಕ್ರಿಲಿಕ್ ಒಳಗಿನ್ನೂ ಗಟ್ಟಿಯಾಗಿರುವುದಿಲ್ಲ. ಆ ಸ್ಥಿತಿಯಲ್ಲಿ ಮಾಡುವ ಪರೀಕ್ಷೆಯೇ ಹೊಸ ಗಾಯವಾಗುತ್ತದೆ.

ಒಂದನೆಯದು ಓರೆ ಬೆಳಕು. ಟಾರ್ಚನ್ನು ಸೈನಿಕನ ಪಕ್ಕದಲ್ಲಿ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಕಾಳುಕಾಳಾಗಿರುವುದು, ಬ್ರಷ್ ಗೆರೆ, ತುಂಬಿಹೋದ ಸಂದು ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ನೆರಳೇ ಬೀಳದ ಬಿಳುಪು ಉಬ್ಬುತಗ್ಗಿನದ್ದಲ್ಲ, ಬಣ್ಣದ್ದು ಅಥವಾ ವಾರ್ನಿಷಿನದ್ದು.

ಎರಡನೆಯದು ನೀರಿನ ಹನಿ. ಬಿಳಿಚಿಕೊಂಡ ಜಾಗಕ್ಕೆ ಬ್ರಷ್ ತುದಿಯಿಂದ ಒಂದು ಹನಿ ಇಡಿ. ಒದ್ದೆ ಇರುವಷ್ಟು ಹೊತ್ತು ಬಿಳುಪು ಮಾಯವಾಗಿ, ಆರಿದ ಮೇಲೆ ಮರಳಿದರೆ ದೋಷ ವಾರ್ನಿಷಿನ ಮೇಲ್ಮೈಯಲ್ಲಿದೆ. ಅಲ್ಲಿನ ಸೂಕ್ಷ್ಮ ಕುಳಿಗಳಲ್ಲಿ ಬೆಳಕು ಚದುರುತ್ತಿತ್ತು, ನೀರು ಆ ಕುಳಿ ತುಂಬಿತು, ಅಷ್ಟೇ. ಒದ್ದೆಯಲ್ಲೂ ಬಿಳುಪು ಹಾಗೇ ಇದ್ದರೆ ಅದು ಕೆಳಗಿನ ಬಣ್ಣದ ಪದರದ್ದು. ಐದರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಇದೇ, ಮೊದಲು ಮರೆಯುವುದೂ ಇದನ್ನೇ.

ಮೂರನೆಯದು ಉಗುರು. ಅಂಗಿಯ ಒಳಮಗ್ಗುಲು ಅಥವಾ ಗೊಂಬೆ ನಿಂತಿರುವ ಪೀಠದ, ಅಂದರೆ ಬೇಸಿನ, ಅಡಿಯಂಥ ಕಾಣದ ಜಾಗದಲ್ಲಿ ಮೆಲ್ಲಗೆ ಕೆರೆಯಿರಿ. ಹಕ್ಕಳೆ ಏಳುತ್ತದೆಯೇ, ಪುಡಿ ಉದುರುತ್ತದೆಯೇ, ರಬ್ಬರಿನಂತೆ ಸುರುಳಿ ಸುತ್ತುತ್ತದೆಯೇ ನೋಡಿ. ಮೂರಕ್ಕೂ ಕಾರಣ ಬೇರೆ ಬೇರೆ.

ನಾಲ್ಕನೆಯದು ಮಾಸ್ಕಿಂಗ್ ಟೇಪ್. ಸಣ್ಣ ತುಂಡನ್ನು ಒತ್ತಿ ಅಂಟಿಸಿ ಒಮ್ಮೆಗೇ ಎಳೆಯಿರಿ. ಟೇಪಿಗೆ ಮೆತ್ತಿಕೊಂಡು ಬಂದದ್ದಕ್ಕಿಂತ ಕೆಳಗೆ ಉಳಿದದ್ದೇನು ಎನ್ನುವುದು ಮುಖ್ಯ.

ಐದನೆಯದು ಹತ್ತಿ ಕಡ್ಡಿ. ನೀರಿನಲ್ಲಿ ಅದ್ದಿ ಉಜ್ಜಿದರೆ ಬಣ್ಣ ಬರಬಾರದು. ಬಂದರೆ ಅದು ಇನ್ನೂ ಆರಿಲ್ಲ, ಅಥವಾ ನೀರು ತಾಗಿದರೆ ಮತ್ತೆ ಕರಗುವ ಜಾತಿಯದ್ದು. ಒಂದೇ ಕೋಟಿನಲ್ಲಿ ನೆರಳು ಬೆಳಕು ಎರಡನ್ನೂ ಕೊಡುವ ತೆಳು ಬಣ್ಣಗಳಲ್ಲಿ ಕೆಲವಕ್ಕೆ ಈ ಗುಣವಿದೆ. ಅವುಗಳ ಮೇಲೆ ಹೈಲೈಟ್ ಹಾಕುವ ಮೊದಲು ತೆಳುವಾಗಿ ಒಂದು ವಾರ್ನಿಷ್ ಸ್ಪ್ರೇ ಬೇಕೇ ಬೇಕು. ಇಲ್ಲದಿದ್ದರೆ ಕೆಳಗಿನ ಬಣ್ಣ ಎದ್ದು ಮೇಲಿನದನ್ನು ಕೊಳೆ ಮಾಡುತ್ತದೆ.

ಹಕ್ಕಳೆ ಎದ್ದು ಬರುವುದು

ಟೇಪಿನ ಜೊತೆ ಪ್ರೈಮರ್ ಸಮೇತ ಬಂದು ಕೆಳಗೆ ಬರೀ ರೆಸಿನ್ ಅಥವಾ ಲೋಹ ಕಂಡರೆ ತಪ್ಪು ಬಣ್ಣದ್ದಲ್ಲ, ತೊಳೆಯದೇ ಬಿಟ್ಟದ್ದು. ಎರಕ ಅಚ್ಚಿನಿಂದ ಸಲೀಸಾಗಿ ಬಿಟ್ಟು ಬರಲೆಂದು ಅಚ್ಚಿಗೆ ಸಿಲಿಕೋನ್ ಎಣ್ಣೆಯಂಥದ್ದನ್ನು ಸಿಂಪಡಿಸಿರುತ್ತಾರೆ. ಲೋಹದ ಎರಕಕ್ಕಾದರೆ ಟ್ಯಾಲ್ಕ್ ಪುಡಿ ಉದುರಿಸುತ್ತಾರೆ. ಇವುಗಳ ಮೇಲೆ ಯಾವ ಪ್ರೈಮರೂ ನಿಲ್ಲುವುದಿಲ್ಲ. ರೆಸಿನ್‌ನಲ್ಲಿ ಈ ತೊಂದರೆ ಹೆಚ್ಚು, ಗಟ್ಟಿ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ನಲ್ಲಿ ಕಡಿಮೆ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪು ನಾಲ್ಕೈದು ಹನಿ ಸಾಕು. ಹದಿನೈದು ನಿಮಿಷ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದಿಗಳನ್ನು ಉಜ್ಜಿ, ಬರಿ ನೀರಿನಲ್ಲಿ ಎರಡು ಸಲ ಜಾಲಾಡಿ, ರಾತ್ರಿಯಿಡೀ ಆರಲು ಬಿಡಿ. ನೀರು ಸುಡುವಂತಿದ್ದರೆ ತೆಳು ರೆಸಿನ್ ಕತ್ತಿ, ಈಟಿ ಬಾಗುತ್ತವೆ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟುವುದನ್ನೂ ಬಿಡಬೇಕು. ಬೆರಳಿನ ಜಿಡ್ಡು ಕೂಡ ಅದೇ ಕೆಲಸ ಮಾಡುತ್ತದೆ. ಒಂದು ಜಾಗದಲ್ಲಿ ಹಕ್ಕಳೆ ಎದ್ದಿದ್ದರೆ ಅಷ್ಟಕ್ಕೇ ತೇಪೆ ಹಾಕಬೇಡಿ. ಪಕ್ಕದ್ದೂ ಸಡಿಲವಾಗಿಯೇ ಇರುತ್ತದೆ.

ಪ್ರೈಮರ್ ಗಟ್ಟಿಯಾಗಿ ನಿಂತು ಮೇಲಿನ ಬಣ್ಣ ಮಾತ್ರ ಬಂದರೆ, ನಡುವೆ ಜಿಡ್ಡು ಅಥವಾ ಧೂಳು ಕೂತಿತ್ತು ಎಂದರ್ಥ. ಪ್ರೈಮ್ ಮಾಡಿದ್ದನ್ನು ತಿಂಗಳುಗಟ್ಟಲೆ ತೆರೆದಿಟ್ಟು ಆಮೇಲೆ ಬಣ್ಣಕ್ಕೆ ಕೂತವರಿಗೆ ಹೀಗಾಗುವುದುಂಟು. ಈಟಿಯ ತುದಿ, ಮೊಣಕೈ, ಬೇಸಿನ ಅಂಚು ಹೀಗೆ ಎತ್ತರದ ಜಾಗಗಳಲ್ಲಷ್ಟೇ ಬಣ್ಣ ಹೋಗಿದ್ದರೆ ಅದು ಆಟದಲ್ಲಿ ಕೈತಾಗಿ ಸವೆದದ್ದು. ಅಷ್ಟನ್ನು ತಿದ್ದಿ, ಹೊಳಪು ವಾರ್ನಿಷ್ ಎರಡು ತೆಳು ಕೋಟ್, ಅದರ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಒಂದು ಕೋಟ್ ಹಾಕಿ. ಉಜ್ಜಾಟ ತಡೆಯುವುದರಲ್ಲಿ ಮ್ಯಾಟ್‌ಗಿಂತ ಹೊಳಪಿನದ್ದು ಗಟ್ಟಿ.

ಮರಳು ಸವರಿದಂಥ ಪ್ರೈಮರ್

ಎಲ್ಲಿ ಒರಟಾಗಿದೆ ಎಂದು ನೋಡಿದರೆ ಕಾರಣ ಸಿಗುತ್ತದೆ. ಕಂಕುಳು, ಬಟ್ಟೆಯ ಮಡಿಕೆ, ಸ್ಪ್ರೇಗೆ ಓರೆಯಾಗಿದ್ದ ಮಗ್ಗುಲು ಇಲ್ಲೆಲ್ಲ ಪುಡಿಪುಡಿಯಾಗಿದ್ದರೆ, ಬಣ್ಣದ ತುಂತುರು ಗೊಂಬೆ ತಲುಪುವ ಮೊದಲೇ ಗಾಳಿಯಲ್ಲಿ ಆರಿದೆ. ಡಬ್ಬಿ ದೂರ ಹಿಡಿದಿರಬೇಕು, ಬಿಸಿಲಿರಬೇಕು, ಇಲ್ಲವೇ ಗಾಳಿ ಬೀಸುತ್ತಿರಬೇಕು. ಇದಕ್ಕೆ ಬದಲಾಗಿ ಮುಖದ ಗೆರೆಗಳೆಲ್ಲ ಮೆತ್ತಗಾಗಿ, ಅಂಚುಗಳಲ್ಲಿ ತೊಟ್ಟು ಕಟ್ಟಿದ್ದರೆ ಡಬ್ಬಿ ತೀರಾ ಹತ್ತಿರವಿತ್ತು. ಮೈಯೆಲ್ಲ ಒಂದೇ ಸಮ ಸಣ್ಣ ಗುಳ್ಳೆ ಎದ್ದಿದ್ದರೆ ಗಾಳಿಯ ತೇವವನ್ನು ಅನುಮಾನಿಸಿ.

20ರಿಂದ 30 ಸೆಂಟಿಮೀಟರ್ ದೂರ, 15ರಿಂದ 25 ಡಿಗ್ರಿ ಸೆಲ್ಸಿಯಸ್, ಗಾಳಿಯ ಆರ್ದ್ರತೆ ಶೇ. 60ರ ಒಳಗೆ. ಈ ಮೂರು ಕೂಡಿದ ಹೊತ್ತು ನೋಡಿ ಸ್ಪ್ರೇ ಮಾಡಿ. ಆರ್ದ್ರತೆ ಅಳೆಯುವ ಸಣ್ಣ ಮೀಟರೊಂದು ಜೊತೆಗಿದ್ದರೆ ಅಂದಾಜಿಗೆ ಕೆಲಸವಿಲ್ಲ. ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ, ಮೊದಲ ಸ್ಪ್ರೇ ಗೊಂಬೆಯ ಆಚೆಗೆ ಬಿಟ್ಟು, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೀಸುತ್ತಾ ಹೋಗಿ. ನಿಂತಲ್ಲೇ ಒತ್ತಬೇಡಿ. ಡಬ್ಬಿ ತಣ್ಣಗಿದ್ದರೆ ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಡಿ, ಕುದಿ ನೀರು ಕೂಡದು. ಒಳಗಿನ ಒತ್ತಡ ಏರಿ ಡಬ್ಬಿ ಸಿಡಿಯುತ್ತದೆ. ಹೊಸ ಡಬ್ಬಿಯನ್ನು ಮೊದಲು ಎರಕದ ಚೌಕಟ್ಟಿನ ಉಳಿಕೆ ತುಂಡಿನ ಮೇಲೆ ಪ್ರಯತ್ನಿಸಿ, ಮೂವತ್ತು ಸೈನಿಕರ ಇಡೀ ದಳದ ಮೇಲಲ್ಲ.

ಪುಡಿ ಕೂತದ್ದು ಹಗುರವಾಗಿದ್ದರೆ ಒಣಗಿದ ಗಡಸು ಬ್ರಷ್ಷಿನಿಂದ ಉಜ್ಜಿದಾಗಲೇ ಬಹಳಷ್ಟು ಹೋಗುತ್ತದೆ. ಚಪ್ಪಟೆ ಜಾಗಕ್ಕೆ 1000 ನಂಬರಿನ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಎರಡು ಸುತ್ತು ತಿರುಗಿಸಿ. ಮುಖದ ಮೇಲೆ ಪುಡಿ ಕೂತಿದ್ದರೆ ಮಾತ್ರ ಬಣ್ಣ ತೆಗೆದು ಮೊದಲಿನಿಂದ ಮಾಡುವುದೇ ಸರಿ.

ಎಷ್ಟು ದಿನವಾದರೂ ಆರದ ಜಿಗುಟು

ವಾರ ಕಳೆದರೂ ಪ್ರೈಮರ್ ಬೆರಳಿಗೆ ಅಂಟುತ್ತಿದ್ದರೆ ಗೊಂಬೆಯನ್ನು ಬಾಗಿಸಿ ನೋಡಿ. ಬಾಗಿ ಮತ್ತೆ ನೆಟ್ಟಗಾಗುವ ಮೆದು ಪ್ಲಾಸ್ಟಿಕ್ ಆದರೆ ಅದು ಪಿವಿಸಿ. ಬೋರ್ಡ್ ಆಟಗಳ ಪೆಟ್ಟಿಗೆಯಲ್ಲಿ ಬರುವುದು ಬಹುಪಾಲು ಇದೇ. ಅದನ್ನು ಮೆದು ಮಾಡಲು ಬೆರೆಸಿದ ದ್ರವ್ಯ ಸ್ಪ್ರೇ ಡಬ್ಬಿಯ ದ್ರಾವಕ, ಅಂದರೆ ಸಾಲ್ವೆಂಟ್ ಜೊತೆ ಸೇರಿ ಪ್ರೈಮರನ್ನೇ ಮೆದುವಾಗಿ ಇಟ್ಟುಬಿಡುತ್ತದೆ. ಕಾಯುವುದರಿಂದ ಇದು ಸರಿಹೋಗುವುದಿಲ್ಲ. ಜಿಗುಟು ತೆಗೆದು, ಸೋಪಿನಲ್ಲಿ ತೊಳೆದು, ಬ್ರಷ್ ಅಥವಾ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹಚ್ಚುವ ನೀರು ಆಧಾರಿತ ಅಕ್ರಿಲಿಕ್ ಪ್ರೈಮರ್ ಬಳಸಿ. ತೆಗೆಯಲು ಮನಸ್ಸಿಲ್ಲದಿದ್ದರೆ ಅದರ ಮೇಲೆಯೇ ನೀರು ಆಧಾರಿತ ವಾರ್ನಿಷ್ ಹಚ್ಚಿ ಮುಚ್ಚಬಹುದು, ಆದರೆ ಜಿಗುಟು ಮತ್ತೆ ಹಾಯದು ಎಂಬ ಭರವಸೆಯಿಲ್ಲ.

ಗಟ್ಟಿ ಗೊಂಬೆಯೂ ಜಿಗುಟಾಗಿದ್ದರೆ ಅದು ಮುಕ್ಕಾಲು ಪಾಲು 3ಡಿ ಪ್ರಿಂಟರಿನ ರೆಸಿನ್. ಸರಿಯಾಗಿ ತೊಳೆಯದೆ ಯುವಿ ಬೆಳಕಿಗೆ ಇಟ್ಟಿರುತ್ತಾರೆ. ಇದರಲ್ಲೇ ಇನ್ನೊಂದು ಬಗೆ ಹೆಚ್ಚು ಕಾಡುತ್ತದೆ. ಬಣ್ಣವೆಲ್ಲ ಮುಗಿದು ತಿಂಗಳುಗಳಾದ ಮೇಲೆ ಎದೆಗೋ ಬೆನ್ನಿಗೋ ಬಿರುಕು ಬಿಟ್ಟು, ಅದರಿಂದ ಅಂಟು ದ್ರವ ಜಿನುಗುತ್ತದೆ. ಟೊಳ್ಳಾಗಿ ಪ್ರಿಂಟ್ ಮಾಡಿದ ಗೊಂಬೆಯೊಳಗೆ ಗಟ್ಟಿಯಾಗದ ರೆಸಿನ್ ಸಿಕ್ಕಿಹಾಕಿಕೊಂಡಿದೆ ಎನ್ನುವುದಕ್ಕೆ ಅದೇ ಗುರುತು. ಮೇಲಿನಿಂದ ಬಿರುಕು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಬಿಡುತ್ತದೆ. ನೈಟ್ರೈಲ್ ಕೈಗವಸು ತೊಟ್ಟು ಬೇಸಿನ ಅಡಿಯಿಂದ 2 ಅಥವಾ 3 ಮಿಲಿಮೀಟರ್‌ನ ಎರಡು ತೂತು ಕೊರೆದು ದ್ರವ ಬಸಿಯಿರಿ. ಸಿರಿಂಜಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಯಿಸಿ ತೊಳೆದು, ಪೂರ್ತಿ ಆರಿಸಿ, ತೂತಿನೊಳಗೆ ಸಣ್ಣ ಯುವಿ ದೀಪ ಹಿಡಿದು ಗಟ್ಟಿ ಮಾಡಿ. ಎರಡು ತೂತು ಏಕೆಂದರೆ ಒಂದರಿಂದ ಗಾಳಿ ಒಳಗೆ ಹೋದರೆ ಮಾತ್ರ ಇನ್ನೊಂದರಿಂದ ದ್ರವ ಇಳಿಯುತ್ತದೆ.

ಬಣ್ಣದ ಪದರದಲ್ಲೇ ಇರುವ ದೋಷಗಳು

ಬ್ರಷ್ ಗೆರೆ ಕಾಣುತ್ತಿದ್ದರೆ ಬಣ್ಣ ದಪ್ಪವಿತ್ತು. ಹಾಲಿನ ಹದಕ್ಕೆ ತೆಳುಮಾಡಿ, ಎರಡು ಮೂರು ಕೋಟ್ ಹಾಕಿ. ಒಂದು ಕೋಟಿನಲ್ಲಿ ಕೆಳಗಿನದು ಕಾಣುತ್ತಲೇ ಇರಬೇಕು, ಅದು ತಪ್ಪಲ್ಲ.

ಬಣ್ಣ ಹರಿದು ಹರಿದು ಎದ್ದಿದ್ದರೆ ಅರ್ಧ ಆರಿದ ಜಾಗಕ್ಕೆ ಮತ್ತೆ ಬ್ರಷ್ ತಾಗಿದೆ. ಬಿಟ್ಟು ಪೂರ್ತಿ ಆರಿದ ಮೇಲೆ ಉಜ್ಜಿ ಸರಿಮಾಡಿ. ಅದೇ ಕ್ಷಣದಲ್ಲಿ ತಿದ್ದಲು ಹೋದರೆ ಗುಂಡಿ ದೊಡ್ಡದಾಗುತ್ತದೆ.

ಹೈಲೈಟ್ ಸುಣ್ಣ ಬಳಿದಂತೆ ಪುಡಿಯಾಗಿ ಕಾಣುವುದಕ್ಕೆ ಕಾರಣ ಎರಡಿವೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಹೆಚ್ಚು ಮುಚ್ಚುವ ಪುಡಿ, ಬಣ್ಣಕ್ಕೆ ಬಿಳಿ ಬೆರೆಸಿದಷ್ಟೂ ಆ ಗುಣ ಮೇಲೆ ಬರುತ್ತದೆ. ಎರಡನೆಯದು ನೀರು ಮಿತಿಮೀರಿದ್ದು. ಬಣ್ಣದ ಪುಡಿಯನ್ನು ಹಿಡಿದಿಡುವ ಅಕ್ರಿಲಿಕ್ ಅಂಟು ನೀರಿನಿಂದ ತೆಳುವಾಗುತ್ತಾ ಹೋದಂತೆ ಪುಡಿ ಹಿಡಿತವಿಲ್ಲದೆ ಕೂರುತ್ತದೆ. ಉಗುರಿಗೆ ಪುಡಿ ಹತ್ತಿದರೆ ಎರಡನೆಯದೇ. ಒಂದು ಪಾಲು ಬಣ್ಣಕ್ಕೆ ಒಂದು ಪಾಲು ನೀರಿನವರೆಗೆ ಹೋಗಿ, ಅದಕ್ಕೂ ತೆಳು ಬೇಕಾದರೆ ನೀರಿನ ಬದಲು ಗ್ಲೇಜ್ ಮೀಡಿಯಂ, ಅಂದರೆ ಬಣ್ಣದ ಪುಡಿಯಿಲ್ಲದ ಅಕ್ರಿಲಿಕ್ ಅಂಟಿನ ದ್ರವ ಹಾಕಿ. ಹೈಲೈಟಿಗೆ ಅಚ್ಚ ಬಿಳಿಯ ಬದಲು ದಂತದ ಬಣ್ಣ ಅಥವಾ ತಿಳಿ ಬೂದು ಬೆರೆಸಿ. ಈಗಾಗಲೇ ಸುಣ್ಣವಾಗಿರುವುದರ ಮೇಲೆ ಮೂಲ ಬಣ್ಣವನ್ನೇ ಮೀಡಿಯಂನಲ್ಲಿ ತೀರಾ ತೆಳುಮಾಡಿ ಒಂದು ಗ್ಲೇಜ್ ಎಳೆದರೆ ಬಹುತೇಕ ಕೂಡಿಕೊಳ್ಳುತ್ತದೆ.

ಬಟ್ಟೆ, ಚರ್ಮದ ಮೇಲೆ ಅಲ್ಲಲ್ಲಿ ಮಿನುಗುವ ಚುಕ್ಕಿ ಕಂಡರೆ ಲೋಹದ ಬಣ್ಣ ತೊಳೆದ ನೀರಿನಲ್ಲೇ ಬ್ರಷ್ ಅದ್ದಿದ್ದೀರಿ. ಲೋಹದ ಬಣ್ಣಕ್ಕೆ ಬೇರೆ ನೀರಿನ ಲೋಟ, ಬೇರೆ ಬ್ರಷ್.

ವಾಶ್ ಬಿಟ್ಟ ಉಂಗುರ

ಚಪ್ಪಟೆ ಗುರಾಣಿಯ ಮೇಲೆ ವಾಶ್ ಹಾಕಿದ ಐದನೇ ನಿಮಿಷದಲ್ಲಿ ಹತ್ತಿರದಿಂದ ನೋಡಿ. ಕೊಳದ ನಡು ಇನ್ನೂ ತುಂಬಿ ಹೊಳೆಯುತ್ತಿರುತ್ತದೆ, ಅಂಚು ಮಾತ್ರ ಆರಿ ಕಚ್ಚಿಕೊಂಡಿರುತ್ತದೆ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ, ಆ ಖಾಲಿ ತುಂಬಲು ನಡುವಿನಿಂದ ನೀರು ಹರಿಯುತ್ತದೆ, ಹರಿಯುತ್ತಾ ಬಣ್ಣದ ಕಣಗಳನ್ನು ಹೊತ್ತು ತಂದು ಅಂಚಿನಲ್ಲಿ ಇಳಿಸುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಉಂಗುರ ಬಿಡುವುದೂ ಹೀಗೆಯೇ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಒಳಹರಿವನ್ನು ವಿವರಿಸಿದರು. ಸೈನಿಕನ ಗುರಾಣಿಗೂ ಅದೇ ಭೌತಶಾಸ್ತ್ರ.

ಹಾಗಾಗಿ ತಡೆಯಬೇಕಾದದ್ದು ಕೊಳ ಕಟ್ಟುವುದನ್ನು. ವಾಶ್ ಹಾಕಿ ಮೂವತ್ತು ಸೆಕೆಂಡಿನೊಳಗೆ, ಒದ್ದೆ ಮಾಡಿ ಒರೆಸಿದ ಬ್ರಷ್ಷಿನ ತುದಿ ತಾಗಿಸಿ ಹೆಚ್ಚಾದದ್ದನ್ನು ಹೀರಿಕೊಳ್ಳಿ. ಚಪ್ಪಟೆ ಜಾಗಕ್ಕೆ ಇಡೀ ವಾಶ್ ಬಳಿಯುವುದನ್ನೇ ಬಿಟ್ಟು, ಸಂದಿನ ಗೆರೆಗಳಿಗಷ್ಟೇ ಸಣ್ಣ ಬ್ರಷ್ಷಿನಿಂದ ಹಚ್ಚುವುದು ಇನ್ನೂ ಮೇಲು. ಕೆಳಗೆ ಹೊಳಪು ವಾರ್ನಿಷ್ ಒಂದು ಕೋಟ್ ಇದ್ದರೆ ವಾಶ್ ತಾನಾಗಿ ಸಂದಿಗೆ ಜಾರುತ್ತದೆ. ಮ್ಯಾಟ್ ಮೇಲ್ಮೈಯಲ್ಲಿ ಎಲ್ಲೆಂದರಲ್ಲಿ ಕಚ್ಚಿಕೊಳ್ಳುತ್ತದೆ. ತೆಳುಮಾಡಬೇಕಾದರೆ ನೀರಿಗಿಂತ ಮೀಡಿಯಂ ಒಳ್ಳೆಯದು.

ಉಂಗುರ ಆರಿಹೋಗಿದ್ದರೆ ಅದನ್ನು ನೀರಿನಿಂದ ಉಜ್ಜಬೇಡಿ. ಮೂಲ ಬಣ್ಣವನ್ನು ತೆಳುಮಾಡಿ ಚಪ್ಪಟೆ ಭಾಗಕ್ಕೆ ಮಾತ್ರ ಎರಡು ಕೋಟ್ ಹಚ್ಚಿ, ಸಂದಿನ ನೆರಳು ಹಾಗೇ ಬಿಡಿ. ಇನ್ನೊಂದು ವಾಶ್ ಹಾಕಿ ಸರಿಮಾಡಲು ಹೋದರೆ ಉಂಗುರದ ಒಳಗೊಂದು ಉಂಗುರವಾಗುತ್ತದೆ.

ವಾರ್ನಿಷ್ ಹಾಕಿದ ಮೇಲೆ ಮಂಜು ಕವಿದಂತಾದರೆ

ವಾರಗಟ್ಟಲೆ ಹಚ್ಚಿದ ಬಣ್ಣ ಕೊನೆಯ ಸ್ಪ್ರೇಯಲ್ಲಿ ಬೂದಿ ಬಳಿದಂತಾಗುವುದು ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ದೋಷ. ಒಳ್ಳೆಯ ಸುದ್ದಿಯೆಂದರೆ, ಅಡಿಯ ಬಣ್ಣಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಬಣ್ಣ ಕೀಳುವ ಯೋಚನೆ ಬೇಡ.

ಮೊದಲು ನೀರಿನ ಹನಿ ಪರೀಕ್ಷೆ. ಬಿಳುಪು ಮಾಯವಾಗಿ ಮರಳಿದರೆ ಮುಂದೆ ಓದಿ. ಮ್ಯಾಟ್ ವಾರ್ನಿಷಿನಲ್ಲಿ ಹೊಳಪು ಕೊಲ್ಲಲು ಸಿಲಿಕಾ ಪುಡಿ ಬೆರೆಸಿರುತ್ತಾರೆ. ಅದು ತಳಕ್ಕೆ ಇಳಿಯುತ್ತದೆ. ಸರಿಯಾಗಿ ಅಲ್ಲಾಡಿಸದಿದ್ದರೆ ಮೊದಲು ಬರಿ ಹೊಳಪು, ಡಬ್ಬಿ ಮುಗಿಯುತ್ತಾ ಬಂದಂತೆ ಬರಿ ಪುಡಿ. ಒಂದೇ ದಳದಲ್ಲಿ ಮೊದಲು ಸ್ಪ್ರೇ ಮಾಡಿದವರು ಹೊಳೆಯುತ್ತಾ, ಕೊನೆಯವರು ಬಿಳಿಚಿಕೊಂಡಿದ್ದರೆ ಕಾರಣ ಇದೇ. ಎಲ್ಲರೂ ಒಂದೇ ಸಮ ಬಿಳಿಚಿದ್ದರೆ ತೇವ: ಸಾಲ್ವೆಂಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ವಾರ್ನಿಷ್ ಆ ನೀರನ್ನು ಒಳಗಿಟ್ಟುಕೊಂಡೇ ಆರುತ್ತದೆ. ಸಂದುಗಳಲ್ಲಷ್ಟೇ ಬಿಳುಪಿದ್ದರೆ ಅಲ್ಲಿ ವಾರ್ನಿಷ್ ದಪ್ಪವಾಗಿ ನಿಂತಿದೆ.

ಚಿಕಿತ್ಸೆ ಮೂರಕ್ಕೂ ಒಂದೇ. ಎರಡು ದಿನ ಆರಲು ಬಿಟ್ಟು, ನೀರು ಆಧಾರಿತ ಹೊಳಪು ವಾರ್ನಿಷನ್ನು ಮೆತ್ತನೆಯ ಬ್ರಷ್ಷಿನಿಂದ ತೆಳುವಾಗಿ ಹಚ್ಚಿ. ನೀರಿನ ಹನಿ ಮಾಡಿದ ಕೆಲಸವನ್ನೇ ಇದು ಕಾಯಂ ಆಗಿ ಮಾಡುತ್ತದೆ, ಕುಳಿಗಳನ್ನು ತುಂಬುತ್ತದೆ. ಕಪ್ಪು ಮತ್ತು ಕಡುಗೆಂಪು ಬಣ್ಣಗಳ ಮೇಲೆ ಬಿಳುಪು ಹೆಚ್ಚು ಕಾಣುವುದರಿಂದ ಅಲ್ಲಿಂದ ಶುರುಮಾಡಿ, ಒಂದೇ ಸೈನಿಕನ ಮೇಲೆ ಪ್ರಯತ್ನಿಸಿ, ಮರುದಿನ ನೋಡಿ. ಪೂರ್ತಿ ಹೋಗದಿದ್ದರೆ ಇನ್ನೊಂದು ತೆಳು ಕೋಟ್. ಹೊಳಪು ಬೇಡವೆನಿಸಿದರೆ, ಒಣ ಹವೆಯ ದಿನ, ಹೊಸದಾಗಿ ಅಲ್ಲಾಡಿಸಿದ ಮ್ಯಾಟ್ ಒಂದೇ ಒಂದು ತೆಳು ಕೋಟ್. ಬಿಳಿಚಿದ್ದರ ಮೇಲೆ ಎಣ್ಣೆ ಸವರುವ ಉಪಾಯವೂ ಚಾಲ್ತಿಯಲ್ಲಿದೆ. ಬಿಳುಪು ಹೋಗುವುದು ನಿಜ, ಆದರೆ ಆ ಜಿಡ್ಡಿನ ಮೇಲೆ ಮುಂದೆ ಯಾವುದೂ ಸರಿಯಾಗಿ ಕೂರುವುದಿಲ್ಲ. ಹೊಳಪು ವಾರ್ನಿಷ್ ಸೋತ ಮೇಲಷ್ಟೇ ಅದನ್ನು ನೆನೆಯಿರಿ.

ವಾರ್ನಿಷ್ ಕೆರೆಯ ತಳದಂತೆ ಬಿರುಕು ಬಿಟ್ಟರೆ ಕೆಳಗಿನ ಬಣ್ಣ ಆರಿರಲಿಲ್ಲ. ಗಟ್ಟಿಯಾದ ಮೇಲ್ಪದರದ ಅಡಿಯಲ್ಲಿ ಮೆದು ಪದರ ಕುಗ್ಗಿದೆ. ಇದಕ್ಕೆ ಬಣ್ಣ ತೆಗೆಯದೆ ಗತ್ಯಂತರವಿಲ್ಲ.

ಏರ್‌ಬ್ರಷ್ ತಕರಾರು

ಬಣ್ಣದ ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ಹಿಂದಕ್ಕೆ ನುಗ್ಗುತ್ತಿದೆ: ನಾಜಲ್ ಸಡಿಲ, ಅದರಲ್ಲಿ ಬಿರುಕು, ಅಥವಾ ಬಾಯಿ ಕಟ್ಟಿದೆ. ಸ್ಪ್ರೇ ಬಿಟ್ಟು ಬಿಟ್ಟು ಬಂದು ಒಂದು ಕಡೆಗೆ ವಾಲಿದರೆ ಸೂಜಿಯ ತುದಿ ಬಾಗಿದೆ. ಸೂಜಿಯನ್ನು ಉಗುರಿನ ಮೇಲೆ ಮೆಲ್ಲಗೆ ಉರುಳಿಸಿದರೆ ಕೊಕ್ಕೆ ಕೈಗೆ ತಿಳಿಯುತ್ತದೆ. ಬಣ್ಣ ಜೇಡರ ಕಾಲಿನಂತೆ ಹರಡಿದರೆ ತೀರಾ ತೆಳು ಅಥವಾ ತೀರಾ ಹತ್ತಿರ. ಕೆಲ ನಿಮಿಷ ಚೆನ್ನಾಗಿ ನಡೆದು ಆಮೇಲೆ ಉಗುಳತೊಡಗಿದರೆ ಸೂಜಿಯ ತುದಿಗೆ ಬಣ್ಣ ಆರಿ ಕಟ್ಟಿದೆ, ಒದ್ದೆ ಹತ್ತಿ ಕಡ್ಡಿಯಲ್ಲಿ ಒರೆಸಿ. 0.3 ಮಿಲಿಮೀಟರ್ ನಾಜಲ್‌ಗೆ ಹಾಲಿನ ಹದ, 15ರಿಂದ 20 ಪಿಎಸ್‌ಐ ಒತ್ತಡದಿಂದ ಶುರುಮಾಡುವುದು ಕ್ಷೇಮ.

ಕಳಚುವ ಕೈ, ಬಾಗಿದ ಈಟಿ

ಕೀಲಿನ ಸುತ್ತ ಮಾತ್ರ ಬಿಳಿ ಮಂಜು ಕಂಡರೆ ಅದು ವಾರ್ನಿಷ್ ಅಲ್ಲ, ಸೂಪರ್ ಗ್ಲೂವಿನ ಆವಿ ಮೇಲ್ಮೈಯಲ್ಲಿ ಕೂತದ್ದು. ಅಂಟು ಹೆಚ್ಚಾಗಿತ್ತು, ಗಾಳಿಯಾಡಲಿಲ್ಲ. ಬಣ್ಣ ಹಚ್ಚುವ ಮೊದಲಾದರೆ ಲೆಕ್ಕಕ್ಕಿಲ್ಲ, ಪ್ರೈಮರ್ ಮುಚ್ಚುತ್ತದೆ.

ಕೈ ಮತ್ತೆ ಮತ್ತೆ ಕಳಚಿದರೆ ಮುರಿದ ಮುಖ ನೋಡಿ. ಎರಡೂ ಕಡೆ ದಪ್ಪ ಗಾಜಿನಂಥ ಅಂಟಿದ್ದರೆ ಅಂಟು ಹೆಚ್ಚಾದದ್ದೇ ಕಾರಣ. ಸೂಪರ್ ಗ್ಲೂ ತೆಳುವಾಗಿದ್ದಷ್ಟೂ ಗಟ್ಟಿ. ಹಳೆಯದನ್ನು ಕೆರೆದು ತೆಗೆಯದೆ ಹೊಸದು ಹಾಕಬೇಡಿ. ಪ್ಲಾಸ್ಟಿಕ್ ಸಿಮೆಂಟ್ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು. ರೆಸಿನ್‌ಗೆ, ಲೋಹಕ್ಕೆ ಅದನ್ನು ಹಾಕಿ ಕಾದರೆ ಎಂದೂ ಹಿಡಿಯುವುದಿಲ್ಲ. ಭಾರದ ಲೋಹದ ತುಂಡಿಗೆ ಅಂಟೊಂದೇ ಸಾಲದು. 1 ಮಿಲಿಮೀಟರ್ ಡ್ರಿಲ್‌ನಿಂದ ಎರಡೂ ಕಡೆ 4ರಿಂದ 5 ಮಿಲಿಮೀಟರ್ ಆಳ ಕೊರೆದು ಹಿತ್ತಾಳೆ ತಂತಿ ಕೂರಿಸಿ ಅಂಟಿಸಿ. ಎರಡು ತೂತು ಎದುರುಬದುರಾಗಲು ಒಂದರ ಬಾಯಿಗೆ ಬಣ್ಣದ ಚುಕ್ಕಿ ಇಟ್ಟು ಇನ್ನೊಂದಕ್ಕೆ ಒತ್ತಿ, ಗುರುತು ಬಿದ್ದಲ್ಲಿ ಕೊರೆಯಿರಿ. ಸೂಪರ್ ಗ್ಲೂ ಕೀಲನ್ನು ಬಿಡಿಸಬೇಕಿದ್ದರೆ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು ತಿರುಚಿ, ಚಳಿಗೆ ಅಂಟು ಪೆಡಸಾಗಿ ಒಡೆಯುತ್ತದೆ.

ಬಾಗಿದ ಪಿವಿಸಿ ಈಟಿಯನ್ನು ಕುದಿಸಿ ಇಳಿಸಿದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಹಿಡಿದು, ತಕ್ಷಣ ತಣ್ಣೀರಿಗೆ ಹಾಕಿ. ರೆಸಿನ್‌ಗೆ ಅಷ್ಟು ಬಿಸಿ ಬೇಡ. ಗಟ್ಟಿ ಪಾಲಿಸ್ಟೈರೀನ್ 100 ಡಿಗ್ರಿಯ ಸುಮಾರಿಗೆ ಮೆದುವಾಗುವಂಥದ್ದು, ಬಿಸಿ ನೀರು ಅದಕ್ಕೆ ಮದ್ದಲ್ಲ.

ಬಣ್ಣ ಪೂರ್ತಿ ತೆಗೆಯುವುದಾದರೆ

ಯಾವ ವಸ್ತು ಎಂದು ಗೊತ್ತಾಗದೆ ದ್ರಾವಕ ಮುಟ್ಟಬೇಡಿ. ಅಸಿಟೋನ್ ಲೋಹಕ್ಕೆ ಮಾತ್ರ, ಪಾಲಿಸ್ಟೈರೀನನ್ನು ಅದು ಕರಗಿಸಿ ಮುದ್ದೆ ಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಪಾಲಿಸ್ಟೈರೀನ್‌ಗೂ ಲೋಹಕ್ಕೂ ಆಗುತ್ತದೆ. ಅರ್ಧ ಗಂಟೆ ನೆನೆಸಿ ಉಜ್ಜಿ, ಬೇಕಾದರೆ ಮತ್ತೆ ನೆನೆಸಿ. ರೆಸಿನ್ ಮತ್ತು 3ಡಿ ಪ್ರಿಂಟ್‌ಗಳನ್ನು ಹತ್ತು ನಿಮಿಷಕ್ಕೊಮ್ಮೆ ತೆಗೆದು ಪರೀಕ್ಷಿಸಿ. ಹೆಚ್ಚು ಹೊತ್ತು ಬಿಟ್ಟರೆ ಉಬ್ಬುತ್ತವೆ, ಪೆಡಸಾಗುತ್ತವೆ. ಮುಚ್ಚಳವಿರುವ ಗಾಜಿನ ಜಾಡಿ, ತೆರೆದ ಕಿಟಕಿ, ಕೈಗವಸು ಬೇಕು, ಹತ್ತಿರದಲ್ಲಿ ಬೆಂಕಿ ಇರಕೂಡದು. ಸಂದಿನಲ್ಲಿ ಬಣ್ಣದ ಛಾಯೆ ಉಳಿದರೆ ಬಿಡಿ. ಉಬ್ಬುತಗ್ಗು ಸ್ವಚ್ಛವಾಗಿದ್ದರೆ ಸಾಕು, ಕಲೆ ಪ್ರೈಮರಿನಡಿ ಮುಚ್ಚುತ್ತದೆ.

ಸಾಲಿನಲ್ಲಿ ಇಬ್ಬರು ಬೇರೆ ಕಂಡಾಗ

ಒಂದೇ ಬಾಟಲಿ, ಒಂದೇ ದಳ, ಆದರೂ ಹೊಸಬರು ಬೇರೆ ಬಣ್ಣದವರಂತೆ ಕಾಣುತ್ತಾರೆ. ಇಬ್ಬರನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಡಿ. ಅಲ್ಲಿ ವ್ಯತ್ಯಾಸ ಮಾಯವಾದರೆ ದೋಷ ದೀಪದ್ದು. ಬೆಳಕಿನ ಛಾಯೆ 5000ದಿಂದ 6500 ಕೆಲ್ವಿನ್, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ 90ಕ್ಕೆ ಮೇಲ್ಪಟ್ಟ ದೀಪ ಇಟ್ಟುಕೊಳ್ಳಿ. ಹಗಲಲ್ಲೂ ವ್ಯತ್ಯಾಸ ಉಳಿದರೆ ಬೇಸಿನ ಅಡಿ ಕೆರೆದು ಪ್ರೈಮರ್ ಬಣ್ಣ ನೋಡಿ. ಕಪ್ಪು ಪ್ರೈಮರಿನ ಮೇಲಿನ ಕೆಂಪಿಗೂ ಬೂದು ಪ್ರೈಮರಿನ ಮೇಲಿನ ಕೆಂಪಿಗೂ ಅಜಗಜಾಂತರ. ಪ್ರೈಮರೂ ಒಂದೇ ಆಗಿದ್ದರೆ ಬಾಟಲಿಯ ತಳದಲ್ಲಿ ಬಣ್ಣದ ಪುಡಿ ಇಳಿದಿದೆ. ಒಳಗೆ 5 ಮಿಲಿಮೀಟರ್‌ನ ಎರಡು ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ ಅಲ್ಲಾಡಿಸಿ. ಸಾದಾ ಕಬ್ಬಿಣದ ಗುಂಡು ಬೇಡ, ತುಕ್ಕು ಬಣ್ಣಕ್ಕೆ ಇಳಿಯುತ್ತದೆ. ಪ್ರೈಮರ್, ಬಣ್ಣದ ಹೆಸರು, ಎಷ್ಟು ಹನಿಗೆ ಎಷ್ಟು ಹನಿ ಎಂಬುದನ್ನು ದಳದ ಒಂದು ಬೇಸಿನ ಅಡಿಯಲ್ಲೇ ಬರೆದಿಡುವುದು ಒಳ್ಳೆಯ ಅಭ್ಯಾಸ. ನೋಟ್‌ಬುಕ್ ಕಳೆದುಹೋದರೂ ಸೈನಿಕ ಅಲ್ಲೇ ಇರುತ್ತಾನೆ.

ಹಳೇ ಲೋಹದ ಸೈನಿಕರ ಮೇಲೆ ಬಿಳಿ ಪುಡಿ

ಸಂಗ್ರಹಕಾರರು ಹೆಚ್ಚು ಹೆದರಬೇಕಾದದ್ದು ಇದಕ್ಕೆ, ಏಕೆಂದರೆ ಹೋಗುವುದು ಬಣ್ಣವಲ್ಲ, ಎರಕ. 1990ರ ದಶಕಕ್ಕೆ ಮುಂಚಿನ ಲೋಹದ ಸೈನಿಕರಲ್ಲಿ ಬಹುಪಾಲು ಸೀಸ ಬೆರೆತವು. ಅವುಗಳ ಮೇಲೆ ಕಾಣುವುದೆಲ್ಲ ರೋಗವಲ್ಲ. ಒಂದೇ ಸಮನಾದ ಕಡುಬೂದು ಬಣ್ಣ ಸೀಸ ತಾನೇ ಹೊದ್ದುಕೊಂಡ ಆಕ್ಸೈಡ್, ಅದನ್ನು ಉಜ್ಜಿ ಹೊಳಪು ಬರಿಸುವುದೇ ಹಾನಿ. ಹೆದರಬೇಕಾದದ್ದು ಬಿಳಿ ಪುಡಿಗೆ. ಬಣ್ಣದ ಅಡಿಯಿಂದ ಸಾಸಿವೆ ಗಾತ್ರದ ಗುಳ್ಳೆಯಾಗಿ ಉಬ್ಬುತ್ತದೆ, ಸೂಜಿ ತಾಗಿಸಿದರೆ ಒಡೆದು ಹಿಟ್ಟಿನಂಥದ್ದು ಉದುರುತ್ತದೆ, ಕೆಳಗೆ ಗುಳಿ ಕಾಣುತ್ತದೆ. ಇದನ್ನು ತವರದ ರೋಗ ಎಂದು ತಪ್ಪು ತಿಳಿಯುವವರಿದ್ದಾರೆ. ಅದು ಬೇರೆ: ಶುದ್ಧ ತವರ 13 ಡಿಗ್ರಿಗಿಂತ ತಣ್ಣನೆಯ ಜಾಗದಲ್ಲಿ ಬಹುಕಾಲವಿದ್ದರೆ ಬೂದು ಪುಡಿಯಾಗುವುದು. ಸೀಸ, ಆಂಟಿಮನಿ ಬೆರೆತ ಎರಕದಲ್ಲಿ ಅದು ಬಲು ಅಪರೂಪ.

ಬಿಳಿ ಪುಡಿ ಸೀಸದ ಕಾರ್ಬೊನೇಟ್. ಮೂಲ ಕಾರಣ ಸೈನಿಕನಲ್ಲಲ್ಲ, ಅವನನ್ನಿಟ್ಟ ಕಪಾಟಿನಲ್ಲಿದೆ. ಓಕ್ ಮರ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಕಾರ್ಕ್, ಬಿಳಿ ಪಿವಿಎ ಗೋಂದು, ಹುಳಿ ವಾಸನೆಯ ಸಿಲಿಕೋನ್ ಸೀಲಂಟ್ ಇವೆಲ್ಲ ಅಸಿಟಿಕ್ ಅಥವಾ ಫಾರ್ಮಿಕ್ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ನಿಂತು, ತೇವವೂ ಸೇರಿದರೆ ಅದು ಸೀಸವನ್ನು ತಿನ್ನುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಕಾರ್ಬೊನೇಟ್ ಮಾಡಿದಾಗ ಆಮ್ಲ ಮತ್ತೆ ಬಿಡುಗಡೆಯಾಗಿ ಮುಂದಿನ ಸೀಸಕ್ಕೆ ಹೋಗುತ್ತದೆ. ಶುರುವಾದದ್ದು ತಾನಾಗಿ ನಿಲ್ಲದಿರುವುದು ಅದಕ್ಕೇ. ಹಿಂದಿನ ಚಿತ್ರಕಾರರ ಬಿಳಿ ಬಣ್ಣವನ್ನು ವಿನೆಗರ್ ಆವಿಯಲ್ಲಿ ಸೀಸವಿಟ್ಟು ತಯಾರಿಸುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ.

ಕಂಡ ದಿನವೇ ರೋಗವಿದ್ದವರನ್ನು ಬೇರೆ ಮಾಡಿ. ಪುಡಿ ವಿಷ, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಊದಬೇಡಿ. ಕೈಗವಸು ತೊಟ್ಟು, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಒರೆಸಿ ತೆಗೆಯಿರಿ. ಗುಳ್ಳೆ ಎದ್ದ ಕಡೆ ಬಣ್ಣವನ್ನೂ ತೆಗೆದು ಗುಳಿಯ ತಳದವರೆಗೆ ಸ್ವಚ್ಛ ಮಾಡಿ. ಬಳಸಿದ ಬ್ರಷ್, ಹತ್ತಿ, ನೀರನ್ನು ಅಡುಗೆಮನೆಗೆ ಒಯ್ಯಬೇಡಿ. ವಿನೆಗರ್‌ನಲ್ಲಿ ನೆನೆಸಿದರೆ ಪುಡಿ ಕರಗುವುದು ನಿಜ, ಆದರೆ ಗುಳಿಯಲ್ಲಿ ಉಳಿದ ಆಮ್ಲ ರೋಗವನ್ನು ಮತ್ತೆ ಬಿತ್ತುತ್ತದೆ. ಪೂರ್ತಿ ಆರಿದ ಮೇಲೆ ಪ್ರೈಮರ್ ಹಚ್ಚಿ, ಬೇಸಿನ ಅಡಿಯನ್ನೂ ಬಿಡದೆ. ಬಣ್ಣದ ಪದರ ಆವಿಯನ್ನು ನಿಧಾನಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಅದನ್ನೇ ನಂಬಿ ಹಳೆಯ ಕಪಾಟಿಗೇ ಮರಳಿಸಬೇಡಿ.

ಕಪಾಟು ಗಾಜು ಮತ್ತು ಲೋಹದ್ದಾಗಿರಲಿ, ಗಾಳಿ ಆಡಲಿ, ಸಿಲಿಕಾ ಜೆಲ್ ಪೊಟ್ಟಣ ಇರಲಿ. ಈಗಿರುವ ಕಪಾಟಿನ ಮೇಲೆ ಅನುಮಾನವಿದ್ದರೆ ಮ್ಯೂಸಿಯಂಗಳು ಮಾಡುವುದನ್ನು ಸಣ್ಣದಾಗಿ ಮಾಡಿ ನೋಡಬಹುದು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ರೂಪಿಸಿದ ಪರೀಕ್ಷೆಯಲ್ಲಿ, ಅನುಮಾನದ ವಸ್ತುವಿನ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಂಡುಗಳ ಜೊತೆ, ಸ್ವಲ್ಪ ನೀರಿನೊಂದಿಗೆ ಗಾಜಿನಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಮನೆಯಲ್ಲಿ ಆ ಬಿಸಿ ಬೇಕಿಲ್ಲ. ಕಪಾಟಿನ ಮರದ ಚೂರು, ಹೊಸದಾಗಿ ಕೆರೆದ ಸೀಸದ ತುಂಡು, ಒದ್ದೆ ಹತ್ತಿ ಮೂರನ್ನೂ ಒಂದಕ್ಕೊಂದು ತಾಗದಂತೆ ಒಂದು ಜಾಡಿಯಲ್ಲಿ ಮುಚ್ಚಿಡಿ. ಇನ್ನೊಂದು ಜಾಡಿಯಲ್ಲಿ ಮರ ಬಿಟ್ಟು ಉಳಿದೆರಡನ್ನು ಇಡಿ. ಬಿಸಿ ಇಲ್ಲದ್ದರಿಂದ ಎರಡು ಮೂರು ತಿಂಗಳು ಕಾಯಬೇಕು. ಮರವಿರುವ ಜಾಡಿಯ ಸೀಸ ಮಾತ್ರ ಬಿಳಿಯಾದರೆ ಸೈನ್ಯವನ್ನು ಆ ಕಪಾಟಿನಿಂದ ಇಳಿಸಿ. ಚಿಕಿತ್ಸೆ ಮಾಡಿದವರನ್ನು ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ತಿರುಗಿಸಿ, ಓರೆ ಬೆಳಕಿನಲ್ಲಿ ಬೇಸಿನ ಅಡಿಯನ್ನು ನೋಡಿ. ಮರಳುವುದಿದ್ದರೆ ಮೊದಲು ಅಲ್ಲಿ ಮರಳುತ್ತದೆ.